ಇದ್ದಿಲು ಮೇಷ್ಟ್ರು, ನನ್ನ ಬಿಸಿಲು ಪೆಟ್ಟಿಗೆ

ಅವರ ಮಣ್ಣಿಗೆ ಸೇರಿದ್ದ ಜನ ನೋಡಿ ನನಗೆ ಹೊಟ್ಟೆ ಉರಿಯಿತು. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ಬದುಕಿದ್ದಾಗಲೂ ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸತ್ತರೆಂದು ಒಮ್ಮೆಗೇ ನಿಲ್ಲಿಸಿಬಿಡುವುದಕ್ಕೆ ಅದೇನು ನಲ್ಲಿ ನೀರೇ? ಅರಕಲಗೂಡಿನ ಆಚೆ, ಅವರ ಹುಟ್ಟೂರಿನ ಹೊಲದ ಬದುವಿನ ಮೇಲೆ ಜನ ಸಾಲುಗಟ್ಟಿ ನಿಂತಿದ್ದರು. ಹಾಸನದ ವಕೀಲರು, ಚನ್ನರಾಯಪಟ್ಟಣದ ಕಾಯಿ ಮಂಡಿಯವರು, ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸು, ಅವರ ಕೈಯಲ್ಲಿ ಪಾಠ ಹೇಳಿಸಿಕೊಂಡು ಈಗ ತಲೆ ನರೆಯುತ್ತಿರುವ ಗಂಡಸರು. ಒಬ್ಬ ಸಮಾಜ ಪಾಠದ ಮೇಷ್ಟ್ರಿಗೆ ಇಷ್ಟು ಜನ ಏಕೆ ಬರಬೇಕು? ನಾಳೆ ನಾನು ಹೋದರೆ ಯಾರು ಬಂದಾರು ಎಂದು ಅಲ್ಲೇ ನಿಂತು ಮನಸ್ಸಿನಲ್ಲಿ ಎಣಿಸಿದೆ. ನಮ್ಮ ಬೀದಿಯವರು, ನೆಂಟರು, ಗ್ಯಾಸ್ ಸಿಲಿಂಡರಿನವನು. ಅಲ್ಲಿಗೆ ಮುಗಿಯಿತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಿನಲ್ಲೂ ಅವರು ಇದ್ದಿಲು ಮೇಷ್ಟ್ರು. ನಿಜವಾದ ಹೆಸರು ಬೇಕಾಗಿದ್ದದ್ದು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ. ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಅವರಿಗೊಂದು ಕೀರ್ತಿಯಾಗುತ್ತದೆ, ಇರುವುದೇ ಸಾಕು.

ಅವರು ಬರುವ ಮೊದಲು ಹೊಳೆನರಸೀಪುರದಲ್ಲಿ ನಾನೂ ಒಬ್ಬ ಮನುಷ್ಯನಾಗಿದ್ದೆ. ನಮ್ಮ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಸಬ್ಸಿಡಿಯಲ್ಲಿ ಒಂದು ಸೋಲಾರ್ ಕುಕ್ಕರ್ ಕೊಂಡಿದ್ದೆ: ಸೂಟ್‌ಕೇಸಿನಂಥ ಪೆಟ್ಟಿಗೆ, ಒಳಗೆಲ್ಲ ಕಪ್ಪು ಬಣ್ಣ, ಮುಚ್ಚಳಕ್ಕೆ ಕನ್ನಡಿ, ಒಳಗಿಡಲು ಕಪ್ಪು ಡಬ್ಬಿಗಳು. ಶಾಲೆಯ ಅಂಗಳದಲ್ಲಿ ಅದನ್ನು ಬಿಸಿಲಿಗೆ ತಿರುಗಿಸಿಟ್ಟು, ಬೆಳಿಗ್ಗೆ ಹಾಕಿದ ಅಕ್ಕಿ ಮಧ್ಯಾಹ್ನದ ಬೆಲ್ಲಿಗೆ ಅನ್ನವಾಗಿ ಹೊರಬಂದರೆ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಬೇರೆ ಊರಿನ ಶಾಲೆಗಳಿಂದಲೂ ಕರೆ ಬರುತ್ತಿತ್ತು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಲಗೇಜಿನ ವಿಚಾರಕ್ಕೆ ಕಂಡಕ್ಟರನ ಜೊತೆ ಜಗಳವಾಡಿಕೊಂಡು ಹೋಗುತ್ತಿದ್ದೆ. "ಬಿಸ್ಲು ಪೆಟ್ಗೆ ಮೇಷ್ಟ್ರು ಬಂದ್ರು ಕಣ್ರೋ!" ಎಂದು ಮಕ್ಕಳು ಕೂಗುತ್ತಿದ್ದರು. ಆ ಕೂಗು ನನಗೆ ಬಹಳ ಇಷ್ಟವಾಗಿತ್ತು.

ಹೊಗೆಯ ಮೇಲೆ ನನಗಿದ್ದದ್ದು ಬರೀ ವಿಜ್ಞಾನದ ಸಿಟ್ಟಲ್ಲ. ನನ್ನ ತಾಯಿ ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದು ಕೆಮ್ಮಿ ಕೆಮ್ಮಿಯೇ ಹೋದವಳು. ಅದನ್ನು ನಾನು ಯಾವ ವೇದಿಕೆಯಲ್ಲೂ ಹೇಳಿದವನಲ್ಲ. ವೇದಿಕೆಯ ಮೇಲೆ ಹೇಳಲು ನನ್ನ ಹತ್ತಿರ ಚಾರ್ಟುಗಳಿದ್ದವು.

ಅವರು ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಅರಕಲಗೂಡು ಕಡೆಯ ಒಕ್ಕಲು ಮನೆತನದವರು. ಹಾಸನದಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ, ಸೈನ್ಯದಲ್ಲಿದ್ದ ಭಾವನ ಬೆನ್ನು ಹಿಡಿದು ಉತ್ತರದ ಕಡೆ ಹೋಗಿ ಒಂದು ಕಲ್ಲಿದ್ದಲು ಗಣಿಯಲ್ಲಿ ಹಾಜರಿ ಗುಮಾಸ್ತರಾಗಿದ್ದರಂತೆ. ಆಮೇಲೆ ವಾಪಸು ಬಂದು, ಬಿ.ಎಡ್. ಮಾಡಿ ನಮ್ಮ ಶಾಲೆ ಸೇರಿದರು. ನಮ್ಮೂರಿನವರಿಗೆ ಕಲ್ಲಿದ್ದಲೆಂದರೆ ರೈಲಿನ ಎಂಜಿನ್ನಿನಿಂದ ಹಳಿಯ ಪಕ್ಕ ಉದುರುತ್ತಿದ್ದ ಕರಿ ಚೂರು. ಅದನ್ನು ಅಗೆಯುವ ಊರಿನಲ್ಲೇ ಇದ್ದು ಬಂದವರೆಂದರೆ ಕೇಳಬೇಕೆ? ಒಂದು ತಿಂಗಳೊಳಗೆ ನನ್ನ ಪೆಟ್ಟಿಗೆಯ ಸುತ್ತ ನಿಲ್ಲುತ್ತಿದ್ದ ಮಕ್ಕಳು ಅವರ ಕುರ್ಚಿಯ ಸುತ್ತ ನಿಂತಿದ್ದರು. ನನ್ನ ಅನ್ನ ತನ್ನ ಪಾಡಿಗೆ ತಾನು ಬೇಯುತ್ತಿತ್ತು.

ಅವರು ಮಾತಾಡುತ್ತಿದ್ದದ್ದು ಅಪ್ಪಟ ಅರಕಲಗೂಡಿನ ಹಳ್ಳಿಯ ಭಾಷೆ. ತರಗತಿಯಲ್ಲೂ ಅದೇ, ವೇದಿಕೆಯಲ್ಲೂ ಅದೇ. ಪಾಠವನ್ನಾದರೂ ಪುಸ್ತಕದ ಕನ್ನಡದಲ್ಲಿ ಹೇಳಿ ಎಂದು ಹೆಡ್‌ಮಾಸ್ಟರು ಒಮ್ಮೆ ಹೇಳಿ ನೋಡಿದರು.

"ಬುಕ್ಕಿನ್ ಭಾಸೆ ಬುಕ್ಕಲ್ಲೇ ಅದೆಯಲ್ಲ ಸಾ," ಎಂದರು ಇವರು. "ಅದ್ನ ಅವು ಓದ್ಕತವೆ. ನಾನ್ಯಾಕೆ ನಡ್ವೆ ಅಡ್ಡ ಬರ್ಲಿ?"

ಹೆಡ್‌ಮಾಸ್ಟರು ನಕ್ಕು ಸುಮ್ಮನಾದರು. ನಾನು ಒಂದು ದಿನ ತರಗತಿಯಲ್ಲಿ 'ಬತ್ತೀನಿ' ಎಂದಿದ್ದರೆ ನನ್ನನ್ನು ಕೋಣೆಗೆ ಕರೆಸುತ್ತಿದ್ದರು.

ಗಣಿಯ ಕತೆಗಳಲ್ಲಿ ಅವರು ಪದೇ ಪದೇ ಹೇಳುತ್ತಿದ್ದದ್ದು ಬಿಲ್ಲೆಯ ವಿಷಯ. ಗಣಿಯೊಳಕ್ಕೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ತಗಡಿನ ಬಿಲ್ಲೆಯನ್ನು ಕಿಟಕಿಯಲ್ಲಿ ಕೊಟ್ಟು ದೀಪ ತೆಗೆದುಕೊಳ್ಳಬೇಕು. ಮೇಲೆ ಬಂದಾಗ ದೀಪ ಒಪ್ಪಿಸಿ ಬಿಲ್ಲೆ ವಾಪಸು ಪಡೆಯಬೇಕು. ಕಿಟಕಿಯ ಈಚೆ ಕೂತು ಬಿಲ್ಲೆಗಳನ್ನು ಹಲಗೆಯ ಮೊಳೆಗಳಿಗೆ ನೇತುಹಾಕುವುದೇ ಇವರ ಕೆಲಸ.

"ಪಾಳಿ ಮುಗುದ್ ಮ್ಯಾಲೆ ಮೊಳೇಲಿ ಒಂದು ಬಿಲ್ಲೆ ಉಳುದ್ರೆ ಉಂಡಿದ್ದು ಮೈಗತ್ತಾಕಿಲ್ಲ ಸಾ. ಅದು ತಗಡಲ್ಲ. ಒಬ್ಬ ಇನ್ನೂ ಒಳ್ಗವ್ನೆ ಅಂತ."

ಆ ಅಭ್ಯಾಸ ಅವರನ್ನು ಬಿಟ್ಟು ಹೋಗಲಿಲ್ಲ. ಸಂಜೆ ಶಾಲೆ ಬಿಟ್ಟಾಗ ಗೇಟಿನ ಪಕ್ಕ ನಿಂತು ಹೊರಗೆ ಹೋಗುವ ಒಂದೊಂದು ಮುಖವನ್ನೂ ನೋಡುತ್ತಿದ್ದರು. "ಏನ್ಲಾ, ಜ್ವರ ಬಿಡ್ತಾ?" "ನಿಮ್ಮವ್ವ ತವರಿಂದ ಬಂದ್ಲಾ ಮಗಾ?" ಹೀಗೆ. ನನ್ನ ಕಣ್ಣಿಗೆ ಅದು ಎಲೆಕ್ಷನ್ನಿಗೆ ನಿಂತವರ ಕೈಮುಗಿತದಂತೆ ಕಾಣುತ್ತಿತ್ತು. ನಾನೂ ಒಂದು ವಾರ ಗೇಟಿನ ಇನ್ನೊಂದು ಪಕ್ಕ ನಿಂತು ನೋಡಿದೆ. ಮಕ್ಕಳು ನನಗೆ ನಮಸ್ಕಾರ ಹೇಳಿ, ಅವರ ಹತ್ತಿರ ಹೋಗಿ ಮಾತಾಡಿದರು.

ನಾಲ್ಕು ಊರಿನ ಹೈಸ್ಕೂಲುಗಳು ಸೇರಿ ವರ್ಷಕ್ಕೊಮ್ಮೆ ಚರ್ಚಾಸ್ಪರ್ಧೆ ನಡೆಸುತ್ತಿದ್ದವು. ಪ್ರತಿ ಶಾಲೆಯಿಂದ ಇಬ್ಬರು ಮಕ್ಕಳು, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ತೀರ್ಪುಗಾರರು ಒಳಗೆ ಕೂತು ಅಂಕ ಕೂಡಿಸುವಾಗ ಸಭಿಕರು ಎದ್ದು ಹೋಗದಿರಲೆಂದು 'ಮೇಷ್ಟ್ರ ಸುತ್ತು' ಎಂದು ಒಂದು ಇರುತ್ತಿತ್ತು. ಆ ಸುತ್ತಿನಲ್ಲಿ ಮೇಷ್ಟ್ರುಗಳೇ ಎದುರು ಬದುರು ನಿಂತು ವಾದ ಮಾಡಬೇಕು. ಒಂದು ವರ್ಷ ಹಾಸನದವರು ಕೊಟ್ಟ ವಿಷಯ: ಕಲ್ಲಿದ್ದಲು ಗಣಿಗಳನ್ನು ಮುಚ್ಚಿ ಶುದ್ಧ ಇಂಧನಕ್ಕೆ ಬದಲಾಗಬೇಕು. ನಾನು ಪರ. ಅವರು ವಿರೋಧ.

ಮೊದಲು ನಾನು ಮಾತಾಡಿದೆ. ಗಂಧಕದ ಡೈ ಆಕ್ಸೈಡು, ಹಾರುಬೂದಿ, ಆಮ್ಲಮಳೆ, ಎಲ್ಲವನ್ನೂ ಚಾರ್ಟಿನ ಮೇಲೆ ಕೋಲು ಇಟ್ಟು ತೋರಿಸಿದೆ. ಯಾರೂ ಎದ್ದು ಹೋಗಲಿಲ್ಲ, ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಆಮೇಲೆ ಅವರು ಎದ್ದರು. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿದರು. ಕುಡಿಯಲಿಲ್ಲ. ಲೋಟವನ್ನು ಒಂದು ಗಳಿಗೆ ಹಾಗೇ ಹಿಡಿದಿದ್ದು ಕೆಳಗಿಟ್ಟರು. ಸಭೆಯೆಲ್ಲ ಆ ಲೋಟವನ್ನೇ ನೋಡುತ್ತಿತ್ತು.

"ಗಣಿ ಮುಚ್ಬುಡಿ ಅಂತಾರೆ ನಮ್ ಮೇಷ್ಟ್ರು. ಮುಚ್ಚಾನ. ನಾನೇ ಬೀಗ ತತ್ತೀನಿ. ಆದ್ರೆ ಬೀಗ ಆಕಕ್ ಮುಂಚೆ ಒಂದ್ಸಲ ಒಳಕ್ಕೆ ಕೂಗಿ ಕೇಳ್ಬುಡಿ, ಯಾರಾರ ಇದ್ದೀರಾ ಅಂತ. ಒಳ್ಗಿರೋನು ಅಗಿಯೋನು ಒಬ್ನೇ ಅಲ್ಲ. ಗಣಿ ಬಾಗ್ಲಲ್ಲಿ ಟೀ ಮಾರೋಳು ಅವ್ಳೆ. ಅವ್ನ ಅಂಗಿ ಒಲ್ಯೋ ದರ್ಜಿ ಅವ್ನೆ. ಅವ್ನ ಮಕ್ಳಿಗೆ ಪಾಠ ಏಳೋ ನನ್ನಂತ ಮೇಷ್ಟ್ರು ಅವ್ನೆ. ಬಿಸ್ಲು ಒಳ್ಳೇದೇ ಕಣ್ರಪ್ಪಾ, ಬ್ಯಾಡ ಅಂದೋರ್ ಯಾರು? ಬಿಸ್ಲು ಪೆಟ್ಗೆ ಮಾಡೋ ಕಾರ್ಖಾನೆನ ಮೊದ್ಲು ಆ ಊರಲ್ಲಿ ಕಟ್ಟಿ. ಇವ್ರೆಲ್ಲ ಈಚೆ ಬರ್ಲಿ. ಆಮೇಲ್ ಜಡೀರಿ ಬೀಗ."

ಚಪ್ಪಾಳೆಯ ಸದ್ದಿಗೆ ಒಳಗಿದ್ದ ತೀರ್ಪುಗಾರರು ಹೊರಗೆ ಬಂದು ನೋಡಿದರು. ಜನಕ್ಕೆ ನಮ್ಮ ಜೋಡಿ ಎಷ್ಟು ಹಿಡಿಸಿತೆಂದರೆ, ಮುಂದೆ ಯಾವ ಊರಿನಲ್ಲಿ ಸ್ಪರ್ಧೆ ನಡೆದರೂ ಮೇಷ್ಟ್ರ ಸುತ್ತಿಗೆ ಅದೇ ವಿಷಯ. ತಿರುಗಾ ಮುರುಗಾ ಮಕ್ಕಳಿಗೂ ಅದೇ ವಿಷಯ ಬರುತ್ತಿತ್ತು. ನಮ್ಮ ಶಾಲೆಯ ಪರ ಮಗುವನ್ನು ನಾನು ತಯಾರು ಮಾಡುವುದು, ವಿರೋಧದ ಮಗುವನ್ನು ಅವರು. ಪ್ರತಿ ವರ್ಷ ವಿರೋಧಕ್ಕೇ ಬಹುಮಾನ. ನ್ಯಾಯವಾಗಿ ಸರಿಯಾಗಿರುವ ವಾದ ನನ್ನದು ಎಂದು ನನಗೆ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಅದಕ್ಕೇ ಇನ್ನೂ ಹೆಚ್ಚು ಉರಿ.

ಅರಕಲಗೂಡಿನಲ್ಲಿ ಸ್ಪರ್ಧೆಯಾದ ವರ್ಷ ನಾನೊಂದು ಉಪಾಯ ಮಾಡಿದೆ. ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ, ಸಭಾಂಗಣದ ಹೊರಗೆ ಅಕ್ಕಿ ಇಟ್ಟು, ಮಾತು ಮುಗಿಸುವ ಹೊತ್ತಿಗೆ ಬೆಂದ ಅನ್ನವನ್ನು ವೇದಿಕೆಗೆ ತರಿಸಿ ತೋರಿಸುವುದು. ಆ ದಿನವೇ ಮೋಡ ಕವಿಯಿತು. ನಾನು ಮಾತಾಡುತ್ತಲೇ ಕಿಟಕಿಯಾಚೆ ನೋಡುತ್ತಿದ್ದೆ, ಸಭೆಯೂ ನನ್ನ ಜೊತೆ ಕಿಟಕಿಯಾಚೆ ನೋಡುತ್ತಿತ್ತು. ಅವರು ಎದ್ದವರೇ ಲೋಟ ಎತ್ತಿ ಕೆಳಗಿಟ್ಟು, "ನಮ್ ಮೇಷ್ಟ್ರು ಅನ್ನ ಬೇಯೋಗಂಟ ನಾನ್ ಮಾತಾಡ್ಬೇಕಂತೆ. ಅಂಗಾದ್ರೆ ನಾಳೀಕೂ ನೀವೆಲ್ಲ ಬರ್ಬೇಕಾಯ್ತದೆ" ಎಂದರು. ಜನ ನಕ್ಕದ್ದೇ ನಕ್ಕದ್ದು. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಹೆಡ್‌ಮಾಸ್ಟರೂ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡರು.

ಸಭೆ ಮುಗಿದ ಮೇಲೆ ನಾನು ಪೆಟ್ಟಿಗೆ ಮಡಚಲು ಹೋದರೆ ಅವರು ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದರು. ಡಬ್ಬಿ ತೆಗೆದು, ಎಲ್ಲಿಂದಲೋ ಮೊಸರು ತರಿಸಿ, ಅರೆಬೆಂದ ಅನ್ನವನ್ನು ಕಲೆಸಿ ತಿನ್ನುತ್ತಿದ್ದರು.

"ಬೆಂದದೆ ಸಾ," ಎಂದರು.

"ಬೆಂದಿಲ್ಲ ಕಣ್ರೀ, ಬಿಡಿ, ಹೊಟ್ಟೆ ನೋವು ಬರುತ್ತೆ."

"ಇಷ್ಟು ಮೋಡದಲ್ಲೂ ಇಷ್ಟು ಬೆಂದದಲ್ಲ, ಅದ್ನ ಯಾಕೆ ನೀವು ಅಲ್ಲಿ ಏಳ್ಲಿಲ್ಲ?"

ವೇದಿಕೆಯ ಮೇಲೆ ನಗಾಡಿ, ಕೆಳಗೆ ಬಂದು ಸಮಾಧಾನ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬಸ್ಸಿನಲ್ಲಿ ಅವರ ಪಕ್ಕ ಸೀಟು ಖಾಲಿ ಇದ್ದರೂ ನಾನು ನಿಂತುಕೊಂಡೇ ಬಂದೆ.

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಅವರು ನನ್ನ ಮಗಳನ್ನೂ ಕಿತ್ತುಕೊಂಡರು.

ನನ್ನ ಮಗಳು ಸುಮಾ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಅವಳು ಎಂಟನೇ ತರಗತಿಯಲ್ಲಿದ್ದಾಗ ಶ್ರವಣಬೆಳಗೊಳಕ್ಕೆ ಪ್ರವಾಸ ಹೋದೆವು. ಹೊರಡುವಾಗಲೇ ಇದ್ದಿಲು ಮೇಷ್ಟ್ರು ರಟ್ಟಿನಲ್ಲಿ ಕತ್ತರಿಸಿದ ಬಿಲ್ಲೆಗಳನ್ನು ಮಕ್ಕಳಿಗೆ ಹಂಚಿದ್ದರು. ಬೆಟ್ಟ ಹತ್ತುವ ಮೊದಲು ಎಲ್ಲರೂ ಬಿಲ್ಲೆಯನ್ನು ಅವರಿಗೆ ಕೊಡಬೇಕು, ಇಳಿದು ಬಂದವರು ವಾಪಸು ಪಡೆದು ಬಸ್ ಹತ್ತಬೇಕು. ಇದೆಂಥ ಗಣಿಯ ಆಟ ಎಂದು ನನಗೆ ನಗು. ಸಂಜೆಯ ಹೊತ್ತಿಗೆ ನಾನು ಬಸ್ಸಿನಲ್ಲಿ ತಲೆ ಎಣಿಸಿದೆ. ಸರಿಯಾಗಿತ್ತು. "ಹೊರಡೋಣ" ಎಂದೆ.

"ಒಂದು ಬಿಲ್ಲೆ ಉಳುದದೆ ಸಾ," ಎಂದರು ಅವರು ಕೆಳಗೆ ನಿಂತು.

"ತಲೆ ಸರಿಯಾಗಿದೆ ಕಣ್ರೀ. ಯಾವುದೋ ಮಗು ಈಸಿಕೊಳ್ಳುವುದನ್ನು ಮರೆತಿರುತ್ತೆ. ಹತ್ತಿ."

ಅವರು ಹತ್ತಲಿಲ್ಲ. ಬಿಲ್ಲೆಯ ನಂಬರು ನೋಡಿದರು, ಬಸ್ಸಿನ ಕಡೆ ನೋಡಿದರು, ತಿರುಗಿ ಬೆಟ್ಟದ ಕಡೆ ಹೊರಟೇಬಿಟ್ಟರು. ಆಗ ಹಿಂದಿನ ಸೀಟಿನಲ್ಲಿದ್ದ ಒಬ್ಬ ಹುಡುಗಿ ಅಳತೊಡಗಿದಳು. ಅವಳು ನಮ್ಮವಳೇ ಅಲ್ಲ. ಬೇರೊಂದು ಶಾಲೆಯವಳು. ನೀಲಿ ಲಂಗ, ಬಿಳಿ ಅಂಗಿ, ಎರಡು ಶಾಲೆಗೂ ಒಂದೇ ಯೂನಿಫಾರಂ. ಸಾಲಾಗಿ ನಿಂತಿದ್ದ ಬಸ್ಸುಗಳಲ್ಲಿ ತಪ್ಪಿ ನಮ್ಮದನ್ನು ಹತ್ತಿದ್ದಳು. ಹಾಗಾದರೆ ನಮ್ಮ ಮಗು ಯಾವುದು ಬಿಟ್ಟುಹೋಗಿದೆ ಎಂದು ಒಂದೊಂದೇ ಮುಖ ನೋಡಿದೆ. ಸುಮಾ ಇರಲಿಲ್ಲ. ಮೇಷ್ಟ್ರ ಮಗಳು ಎಂದು ಗೆಳತಿಯರು ಆಡಿಕೊಳ್ಳುತ್ತಾರೆಂದು ಅವಳು ಪ್ರವಾಸದಲ್ಲಿ ನನ್ನ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಹಿಂದೆ ಎಲ್ಲೋ ಕೂತಿದ್ದಾಳೆ ಎಂದುಕೊಂಡಿದ್ದೆ.

ನಾನು ಓಡಿ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಅವರಿಬ್ಬರೂ ಇಳಿದು ಬರುತ್ತಿದ್ದರು. ಬರಿಗಾಲಿನಲ್ಲಿ ಹತ್ತಿದ್ದ ಸುಮಾ ಬಿಸಿಲಿಗೆ ಕಾದ ಬಂಡೆಯ ಮೇಲೆ ಕಾಲಿಡಲಾಗದೆ, ನೆರಳಿನಲ್ಲಿ ಕೂತು, ಬಂಡೆ ತಣ್ಣಗಾಗಲೆಂದು ಕಾಯುತ್ತಿದ್ದಳಂತೆ. ಅವರು ತಮ್ಮ ಟವೆಲ್ಲನ್ನು ಎರಡಾಗಿ ಹರಿದು ಅವಳ ಎರಡು ಕಾಲಿಗೂ ಸುತ್ತಿದ್ದರು. ಅವಳು ಏನೋ ಹೇಳಿ ನಗುತ್ತಿದ್ದಳು. ನಾನು ಅವಳನ್ನು ತಬ್ಬಿಕೊಂಡೆ. ಅವಳು ನನ್ನ ಹೆಗಲ ಮೇಲಿಂದ ಅವರ ಕಡೆ ತಿರುಗಿ, "ಸಾರ್, ನನ್ ಬಿಲ್ಲೆ?" ಎಂದು ಕೈ ಚಾಚಿದಳು.

ಬಿಸಿಲನ್ನು ಹೊಗಳಿಕೊಂಡು ಊರೂರು ತಿರುಗಿದವನು ನಾನು. ಆ ಬಿಸಿಲೇ ನನ್ನ ಮಗಳನ್ನು ಒಯ್ದು ಅವರ ಕೈಗೆ ಕೊಟ್ಟಿತು.

ಮುಂದಿನ ವರ್ಷ ಚರ್ಚಾಸ್ಪರ್ಧೆಗೆ ಮಕ್ಕಳನ್ನು ಆರಿಸುವಾಗ ಸುಮಾ ವಿರೋಧಕ್ಕೆ ಹೆಸರು ಕೊಟ್ಟಳು. ಎಂದರೆ ಅವರ ಬಳಿ ಕಲಿಯುವುದಕ್ಕೆ, ನನ್ನ ವಾದದ ಎದುರು ನಿಲ್ಲುವುದಕ್ಕೆ. "ನಿನ್ನ ಮಾತು ಮನೇಲೇ ಕೇಳ್ತೀನಲ್ಲಪ್ಪ" ಎಂದಳು, ಅದು ಸಮಾಧಾನವೆಂಬಂತೆ. ಆಮೇಲೆ ಅವಳು ಊಟಕ್ಕೆ ಕೂತಾಗಲೆಲ್ಲ ನನ್ನನ್ನು ಕೇಳಲು ಶುರುಮಾಡಿದಳು. ಹಾರುಬೂದಿ ಎಲ್ಲಿ ಹೋಗಿ ಬೀಳುತ್ತೆ, ಮೋಡ ಬಂದ ದಿನ ಸೋಲಾರಿನವರು ಏನು ಮಾಡಬೇಕು, ಗೋಬರ್ ಗ್ಯಾಸಿಗೆ ಎಷ್ಟು ದನ ಬೇಕು. ನನ್ನ ಮನೆಯ ಅನ್ನ ಉಂಡು ಎದುರು ಪಕ್ಷಕ್ಕೆ ಸುದ್ದಿ ಸಾಗಿಸುತ್ತಿದ್ದಾಳೆ ಎಂದು ನನಗೆ ಮೈ ಉರಿಯುತ್ತಿತ್ತು. ಬೇಕೆಂದೇ ಅರ್ಧಂಬರ್ಧ ಹೇಳುತ್ತಿದ್ದೆ. ಅವಳು ಬಿಡದೆ ಪೂರ್ತಿ ಹೇಳಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವರ ತರಗತಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗಿನಿಂದ ನನ್ನದೇ ಮಾತು ಕೇಳಿಸಿತು. ಸುಮಾ ಕೈಯಲ್ಲಿ ಕೋಲು ಹಿಡಿದು, ನಾನು ಮಾಡುವಂತೆಯೇ ಕನ್ನಡಕ ಮೇಲೆ ತಳ್ಳಿಕೊಳ್ಳುವ ಹಾಗೆ ಬೆರಳಾಡಿಸಿ, "ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ್ದು ಏನೆಂದರೆ" ಎನ್ನುತ್ತಿದ್ದಳು. ಉಳಿದ ಮಕ್ಕಳು ನಗುತ್ತಿದ್ದರು. ಇದ್ದಿಲು ಮೇಷ್ಟ್ರು ಮೇಜಿನ ಮೇಲೆ ಕೂತು ತಲೆಯಾಡಿಸುತ್ತಿದ್ದರು. ನನ್ನ ಮಗಳ ಕೈಯಲ್ಲೇ ನನ್ನನ್ನು ಅಣಕಿಸುತ್ತಿದ್ದಾರೆ! ಬಾಗಿಲು ತಳ್ಳಿ ಒಳಗೆ ನುಗ್ಗಬೇಕು ಎನ್ನಿಸಿತು. ನುಗ್ಗದೆ ಮನೆಗೆ ಬಂದು ಹೆಂಡತಿಯ ಮೇಲೆ ರೇಗಿದೆ.

"ನಿಮಗೆ ಅವರನ್ನ ಕಂಡ್ರೆ ಯಾಕ್ರೀ ಹಾಗೆ?" ಎಂದಳು ಅವಳು. "ಪಾಪ, ಭಾನುವಾರ ಬಂದಾಗಲೆಲ್ಲ ಅಡುಗೆಮನೆ ಬಾಗಿಲಲ್ಲಿ ಕೂತು ನಿಮ್ಮ ವಿಷಯಾನೇ ಕೇಳ್ತಾರೆ. ಅತ್ತೆ ವಿಷಯ ಎಲ್ಲ ಕೇಳಿದ್ರು."

ಇದು ಇನ್ನೊಂದು. ಅವರು ಊರಿಂದ ಅವರೆಕಾಯಿ ತಂದುಕೊಟ್ಟು, ನನ್ನ ಹೆಂಡತಿ ಮಾಡಿದ ಕಾಫಿ ಕುಡಿದು, ಒಂದು ಗಂಟೆ ಹರಟಿ ಹೋಗುತ್ತಿದ್ದರು. ನನ್ನ ಒಂದು ಭಾಷಣವನ್ನೂ ಪೂರ್ತಿ ಕೇಳದವಳು ಅವರ ಗಣಿಯ ಕತೆಯನ್ನು ಒಲೆ ಆರಿಸಿ ಕೇಳುತ್ತಿದ್ದಳು.

ಆ ವರ್ಷ ಸ್ಪರ್ಧೆ ಚನ್ನರಾಯಪಟ್ಟಣದಲ್ಲಿ. ಅಲ್ಲಿಯ ಕಾಯಿ ಮಂಡಿಯ ಯಜಮಾನರು ಗೆದ್ದವರಿಗೆ ಕಪ್ಪಿನ ಜೊತೆ ಒಂದು ಗೊನೆ ಎಳನೀರು ಕೊಡುವ ಪದ್ಧತಿ ಇಟ್ಟಿದ್ದರು. ಸುಮಾ ಗೆದ್ದಳು. ನಾನು ತಯಾರು ಮಾಡಿದ್ದ ಹುಡುಗ ಸೋತು ನನ್ನ ಪಕ್ಕ ಕೂತು ಅತ್ತ. ಸ್ವಂತ ಮಗಳು ಗೆದ್ದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೂತ ತಂದೆ ನಾನೊಬ್ಬನೇ ಇರಬೇಕು. ಅವಳು ವೇದಿಕೆ ಇಳಿದು ಮೊದಲ ಎಳನೀರನ್ನು ಕೆತ್ತಿಸಿ ಅವರಿಗೆ ಕೊಟ್ಟಳು. ಅವರು, "ನಿಮ್ಮಪ್ಪಂಗೆ ಕೊಡವ್ವ ಮೊದ್ಲು" ಎಂದರು. ನಾನು ನನಗೆ ನೆಗಡಿ ಎಂದೆ.

ಒಂದು ವಿಷಯದಲ್ಲಿ ಮಾತ್ರ ನಾನು ಸುಮ್ಮನಿದ್ದೆ. ಅವರಿಗೊಂದು ಕೆಮ್ಮು ಇತ್ತು. ಗಣಿಯ ಬಾಯಲ್ಲಿ ಕೂತು ಕುಡಿದ ಧೂಳಿನದು. ಮಾತಿನ ನಡುವೆ ಬಂದರೆ ಲೋಟ ಎತ್ತಿ ಮರೆಮಾಡುತ್ತಿದ್ದರು. 'ನೋಡಿ ಮಹಾಜನರೇ, ಕಲ್ಲಿದ್ದಲು ಏನು ಮಾಡುತ್ತದೆಂದು ಇವರ ಎದೆಯನ್ನೇ ಕೇಳಿ' ಎಂದು ನಾನು ಒಂದು ಸಲ ಹೇಳಿದ್ದರೆ ಸಾಕಿತ್ತು, ಸಭೆ ನನ್ನದಾಗುತ್ತಿತ್ತು. ಅದು ನನ್ನ 'ಅ'ದಿಂದ 'ಳ'ದವರೆಗಿನ ಚಾರ್ಟುಗಳಿಗಿಂತ ದೊಡ್ಡ ಚಾರ್ಟು. ಆದರೆ ಆ ಕೆಮ್ಮು ನನ್ನ ತಾಯಿಯ ಕೆಮ್ಮಿನ ಥರವೇ ಕೇಳುತ್ತಿತ್ತು. ನಾಲಗೆ ಏಳಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ಮಾತು. ಹಳ್ಳಿಮೈಸೂರಿನ ಕಡೆ ಕಲ್ಲಿದ್ದಲಿನಿಂದ ಕರೆಂಟು ತೆಗೆಯುವ ದೊಡ್ಡ ಸ್ಥಾವರ ಬರುತ್ತದಂತೆ, ಜಮೀನು ನೋಡುತ್ತಿದ್ದಾರಂತೆ ಎಂದು ಸುದ್ದಿ ಹಬ್ಬಿತು. ಮನೆಗೊಂದು ಕೆಲಸ ಎಂದು ಯಾರೋ ಹೇಳಿ ಹೋಗಿದ್ದರು. ಅಲ್ಲಿಯ ಊರಿನವರು ತಮ್ಮ ಶಾಲೆಯ ಮುಂದೆ ಸಭೆ ಸೇರಿ ನಮ್ಮಿಬ್ಬರನ್ನೂ ಕರೆಸಿದರು. ಈ ಸಲ ಅದು ಬಹುಮಾನದ ಮಾತಲ್ಲ. ಜನ ತಮ್ಮ ಹೊಲದ ಮಾತು ಆಡಬೇಕಿತ್ತು. ನಾನು ಚಾರ್ಟು ತೂಗುಹಾಕಿ ಬೂದಿಯ ಬಗ್ಗೆ ಹೇಳಿದೆ. ಯಾರೂ ಅಲ್ಲಾಡಲಿಲ್ಲ. ಕೊನೆಗೆ ಹಿಂದಿನಿಂದ ಒಬ್ಬ ಎದ್ದ.

"ಅದೆಲ್ಲ ಸರಿ ಸಾ. ನನ್ನೆರಡು ಐಕ್ಳು ಪಿಯುಸಿ ಮಾಡ್ಕಂಡು ಮನೇಲವೆ. ನೀವ್ ಕೆಲ್ಸ ಕೊಡ್ಸೀರಾ?"

ನಾನು ಚಾರ್ಟುಗಳ ಕಡೆ ತಿರುಗಿದೆ. ಅದಕ್ಕೆ ಚಾರ್ಟು ಇರಲಿಲ್ಲ. ಆಗ ಇದ್ದಿಲು ಮೇಷ್ಟ್ರು ಎದ್ದರು. ಗಣಿಯ ಪರ ಇಷ್ಟು ವರ್ಷ ಮಾತಾಡಿದವರು. ಈಗ ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಕೆಲವರು ಮೊದಲೇ ಚಪ್ಪಾಳೆ ತಟ್ಟಿದರು.

"ಅಗಿಯೋರಿಗೆ ಗಣಿ ಅನ್ನ. ನಾನು ಅವ್ರ ಪರ, ಸಾಯೋಗಂಟ ಅವ್ರ ಪರಾನೇ. ಆದ್ರೆ ಇಲ್ಲಿ ಗಣಿ ಎಲ್ಲದೆ? ಇಲ್ಲಿ ಸುಡಾಕ್ ಬತ್ತಾವ್ರೆ. ಕಲ್ಲು ರೈಲಲ್ಲಿ ಬತ್ತದೆ. ಎಂಜಿನಿಯರು ಜೀಪಲ್ಲಿ ಬತ್ತಾರೆ. ಬೂದಿ ನಿಮ್ ತ್ವಾಟಕ್ ಬತ್ತದೆ. ತೆಂಗಿನ್ ಗರಿ ಮ್ಯಾಲೆ ಕೂತ್ರೆ ಮಳೆ ಬಂದ್ರೂ ಓಗಾಕಿಲ್ಲ. ನಮ್ ಮೇಷ್ಟ್ರು ಈಗ ಏಳಿದ್ರಲ್ಲ, ಅದ್ರಲ್ ಒಂದಕ್ಷರ ಸುಳ್ಳಿಲ್ಲ, ನಾನ್ ಕಣ್ಣಲ್ ಕಂಡಿವ್ನಿ. ಯಾರ್ಗೆ, ಯಾವ್ ಕೆಲ್ಸ, ಎಷ್ಟ್ ವರ್ಸ ಅಂತ ಬರ್ಕೊಡಿ ಅಂತ ಕೇಳಿ ಅವ್ರನ್ನ. ಬರ್ಕೊಟ್ರೆ ನಾನೇ ಬಂದು ಜೈ ಅಂತೀನಿ."

ಸಭೆ ತಣ್ಣಗಾಯಿತು. ಬರೆದು ಕೊಡುವವರು ಯಾರೂ ಬರಲಿಲ್ಲ. ಆ ಯೋಜನೆ ಯಾವ ಕಾರಣಕ್ಕೋ ಆಮೇಲೆ ಸುದ್ದಿಯಾಗಿಯೂ ಉಳಿಯಲಿಲ್ಲ. ಆದರೆ ಆ ಕಡೆಯವರನ್ನು ಈಗಲೂ ಕೇಳಿ ನೋಡಿ, ಅದನ್ನು ನಿಲ್ಲಿಸಿದ್ದು ಇದ್ದಿಲು ಮೇಷ್ಟ್ರು ಎನ್ನುತ್ತಾರೆ. ವರ್ಷಾನುಗಟ್ಟಲೆ ಗಂಟಲು ಹರಿದುಕೊಂಡು ಆ ಮಾತನ್ನೇ ಹೇಳಿದವನು ನಾನು. ನನ್ನ ಎದುರು ನಿಂತು ಗೆದ್ದದ್ದು ಸಾಲದೆ, ನನ್ನ ಪಕ್ಕ ನಿಂತೂ ಅವರೇ ಗೆದ್ದರು. ವಾಪಸು ಬರುವಾಗ ಬಸ್ಸಿನಲ್ಲಿ, "ಚೆನ್ನಾಗ್ ಏಳ್ಕೊಟ್ರಿ ಸಾ ನಂಗೆ" ಎಂದರು. ವ್ಯಂಗ್ಯವೆಂದು ತಿಳಿದು ಕಿಟಕಿಯಾಚೆ ನೋಡಿದೆ.

ನಿವೃತ್ತರಾದ ಮೇಲೆ ಅವರು ಊರಿಗೆ ಹೋದರು. ಎದೆಯ ಕಾಯಿಲೆ ಹೆಚ್ಚಾಯಿತು. ಒಮ್ಮೆ ನೋಡಲು ಹೋದಾಗ ಮಾತಾಡಲು ಉಸಿರಿರಲಿಲ್ಲ. ಪಕ್ಕದಲ್ಲಿದ್ದ ನೀರಿನ ಲೋಟವನ್ನು ಎತ್ತಿ, ಕುಡಿಯದೆ, ನನ್ನ ಕಡೆ ನೋಡಿ ಕೆಳಗಿಟ್ಟು ನಕ್ಕರು. ನನಗೂ ನಗು ಬಂತು. ಅಷ್ಟೇ ನಮ್ಮ ಕೊನೆಯ ಚರ್ಚೆ.

ಅವರ ಮಣ್ಣಿನಿಂದ ಬಂದ ಮಧ್ಯಾಹ್ನ ಸುಮಾ ನಮ್ಮ ಮನೆಯ ಜಗುಲಿಯ ಮೇಲೆ ಕೂತು ಅಳುತ್ತಲೇ ಇದ್ದಳು. ಹಾಸನದ ಕೋರ್ಟಿನಲ್ಲಿ ದೊಡ್ಡ ದೊಡ್ಡವರ ಬಾಯಿ ಮುಚ್ಚಿಸುವ ವಕೀಲೆ, ಮೂಗು ಕೆಂಪಗೆ ಮಾಡಿಕೊಂಡು ಮಗುವಿನಂತೆ ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ನಾನು ಸತ್ತರೂ ಹೀಗೇ ಅಳ್ತೀಯೇನೇ?" ಎಂದು ಕೇಳಿಯೇಬಿಟ್ಟೆ.

ಅವಳು ತಲೆ ಎತ್ತಿ ನೋಡಿದಳು. "ನಿನಗೆ ಗೊತ್ತಾ ಅಪ್ಪ, ಅವರು ನನಗೆ ಮೂರು ತಿಂಗಳು ಅವರ ವಾದ ಹೇಳಿಕೊಡಲೇ ಇಲ್ಲ."

"ಮತ್ತೇನು ಹೇಳಿಕೊಟ್ಟರು?"

"ನಿನ್ನದು. ಎದುರು ಪಕ್ಷದವನ ಮಾತನ್ನ ಅವನಿಗಿಂತ ಚೆನ್ನಾಗಿ ಹೇಳಕ್ಕೆ ಬರೋ ತನಕ ಎದುರು ಮಾತಾಡೋ ಹಾಗಿಲ್ಲ ಅಂತ ಅವರ ಕಟ್ಟಳೆ. ಎಲ್ಲ ಮಕ್ಕಳಿಗೂ ಅಷ್ಟೆ. 'ನಿಮ್ಮಪ್ಪ ಏಳಿದ್ದನ್ನೆಲ್ಲ ತಕಂಬಾ' ಅನ್ನೋರು. ಅದಕ್ಕೇ ಊಟಕ್ಕೆ ಕೂತಾಗ ನಿನ್ನ ಪ್ರಾಣ ತಿಂತಿದ್ದೆ. ತರಗತಿ ಮುಂದೆ ನಿಂತು ನಿನ್ನ ಹಾಗೇ ಹೇಳಬೇಕಿತ್ತು. ಸ್ವಲ್ಪ ತಪ್ಪಿದ್ರೂ 'ಮೇಷ್ಟ್ರು ಇಂಗೆ ಏಳಲ್ಲ, ಇನ್ನೊಂದ್ಸಲ' ಅನ್ನೋರು."

ಅವಳು ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಇಲ್ಲದ ಕನ್ನಡಕವನ್ನು ಮೇಲೆ ತಳ್ಳಿ, "ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ್ದು ಏನೆಂದರೆ" ಎಂದು ಶುರುಮಾಡಿದಳು. ನನ್ನ ಭಾಷಣ. ಬೂದಿ, ಆಮ್ಲಮಳೆ, ಮೋಡದ ದಿನದ ಲೆಕ್ಕ, ಒಂದೂ ಬಿಟ್ಟಿರಲಿಲ್ಲ. ಕೊನೆಯಲ್ಲಿ ಕೋಲು ಕೆಳಗಿಟ್ಟವಳಂತೆ ಕೈ ಇಳಿಸಿ, ದನಿ ತಗ್ಗಿಸಿದಳು. "ನನ್ನ ತಾಯಿ ಊದುಕೊಳವೆ ಹಿಡಿದು ಕೆಮ್ಮುತ್ತಲೇ ಹೋದಳು. ಆ ಹೊಗೆ ಗಣಿಯದೇ ಆಗಲಿ, ಒಲೆಯದೇ ಆಗಲಿ, ಒಳಗಿದ್ದವಳನ್ನು ಯಾರೂ ಕೂಗಿ ಕರೆಯಲಿಲ್ಲ."

"ಇದು ನಾನು ಹೇಳಿದ್ದಲ್ಲ," ಎಂದೆ.

"ಅಮ್ಮ ಅವರಿಗೆ ಹೇಳಿದ್ದಂತೆ. 'ನಿಮ್ಮಪ್ಪ ಇದೊಂದ್ನ ಏಳ್ಬುಟ್ರೆ ನಾನ್ ಸೋತೆ ಕಣವ್ವ, ಯಾಕೋ ಏಳಾಕಿಲ್ಲ' ಅಂತಿದ್ರು. ಸ್ಪರ್ಧೆಗೆ ಹೋಗೋ ದಿನವೂ ಅವರಿಗೆ ಅದೇ ಭಯ."

ನನ್ನ ಮಾತನ್ನು ನನಗಿಂತ ಚೆನ್ನಾಗಿ ಮಾಡಿ ಇಟ್ಟುಕೊಂಡಿದ್ದರು ಆ ಮನುಷ್ಯ. ಅದಕ್ಕೂ ಹೊಟ್ಟೆ ಉರಿಯಿತು ಎಂದರೆ ನೀವು ನಂಬಬೇಕು.

"ಈಗ ನಿನ್ನ ಸರದಿ," ಎಂದಳು ಸುಮಾ. "ಅವರದ್ದು ನೀನು ಹೇಳು."

"ನನಗೆಲ್ಲಿ ಬರುತ್ತೆ?"

"ಏಳಪ್ಪ."

ಎದ್ದೆ. ಜಗುಲಿಯ ಮೇಲೆ ಹೆಂಡತಿ ತಂದಿಟ್ಟಿದ್ದ ನೀರಿನ ಲೋಟ ಇತ್ತು. ಅದನ್ನು ಎತ್ತಿದೆ, ಕುಡಿಯದೆ ಒಂದು ಗಳಿಗೆ ಹಿಡಿದು ಕೆಳಗಿಟ್ಟೆ. "ಗಣಿ ಮುಚ್ಬುಡಿ ಅಂತಾರೆ ನಮ್ ಮೇಷ್ಟ್ರು" ಎಂದೆ. ಅಲ್ಲಿಂದ ಮುಂದೆ ನಾನು ಏನನ್ನೂ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಟೀ ಮಾರುವವಳು ಬಂದಳು, ದರ್ಜಿ ಬಂದ, ಎಲ್ಲಿ ದನಿ ಏರಬೇಕೋ ಏರಿತು, ಎಲ್ಲಿ ಅವರು ನಿಲ್ಲುತ್ತಿದ್ದರೋ ಅಲ್ಲಿ ನಿಂತೆ, ಹಕಾರ ಒಂದೂ ಬಾಯಿಗೆ ಬರಲಿಲ್ಲ. ಕೆಮ್ಮು ಬರುವ ಜಾಗದಲ್ಲಿ ನನ್ನ ಕೈ ತಾನಾಗಿ ಲೋಟಕ್ಕೆ ಹೋಯಿತು. ಹೊಟ್ಟೆಕಿಚ್ಚಿನವನಷ್ಟು ಕಿವಿಗೊಟ್ಟು ಕೇಳುವವರು ಲೋಕದಲ್ಲಿ ಬೇರೆ ಯಾರೂ ಇಲ್ಲ. "ಆಮೇಲ್ ಜಡೀರಿ ಬೀಗ" ಎಂದು ಮುಗಿಸಿದಾಗ ಅಡುಗೆಮನೆಯಿಂದ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತಿದ್ದಳು.

ಸುಮಾ ಅಳುತ್ತ, ನಗುತ್ತ, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ಹೆಂಡತಿಯೂ ತಟ್ಟಿದಳು. ನನ್ನ ಮಾತಿಗೆ ನನ್ನ ಮನೆಯಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಅದೂ ಅವರಿಗೇ ಹೋಯಿತು.